ಮಂಜಿನಲ್ಲಿ 1000 ಅಡಿಯ ಲೆಕ್ಕ



ತಂಗಿಯ ಮದುವೆಗೆ ಹೊರಟಿದ್ದೆ. ಬೆಂಗಳೂರಿನಲ್ಲಿ ಮಂಜು, ವಿಮಾನ ಚೆನ್ನೈಗೆ ತಿರುಗಿತು, ಮುಹೂರ್ತ ತಪ್ಪಿತು. ನಮಗಿಂತ ಮುಂದಿದ್ದ ವಿಮಾನ ಇಳಿದಿತ್ತೆಂದು ತಿಳಿದಾಗ ಪೈಲಟ್‌ಗೆ ಮನಸ್ಸಿನಲ್ಲೇ ಬೈದೆ. ಕಾರಣ ಆಮೇಲೆ ಅರ್ಥವಾಯಿತು.

ರನ್‌ವೇ ಪಕ್ಕದ ಉಪಕರಣಗಳು ಪೈಲಟ್‌ಗೆ ರನ್‌ವೇ ಎಷ್ಟು ದೂರ ಕಾಣಬಹುದೆಂದು ಮೀಟರ್‌ಗಳಲ್ಲಿ ಲೆಕ್ಕ ಕೊಡುತ್ತವೆ. ಇದೇ ಆರ್‌ವಿಆರ್. ಮಂಜು ಸರಿದಂತೆಲ್ಲ ಈ ಅಂಕಿ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಸಾಮಾನ್ಯವಾದ ಕ್ಯಾಟ್-1 ವ್ಯವಸ್ಥೆಯಲ್ಲಿ ಇಳಿಯಲು ಕನಿಷ್ಠ 550 ಮೀಟರ್ ಬೇಕು. ವಿಮಾನ 1000 ಅಡಿಗೆ ಬರುವ ಮೊದಲೇ ವರದಿ ಅದಕ್ಕಿಂತ ಕಡಿಮೆಯಾದರೆ ಮುಂದೆ ಇಳಿಯುವಂತಿಲ್ಲ. 1000 ಅಡಿ ದಾಟಿದ ಮೇಲೆ ಅಂಕಿ ಬಿದ್ದರೆ 200 ಅಡಿಯವರೆಗೆ ಹೋಗಿ ನೋಡಬಹುದು; ಅಲ್ಲಿ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಮೇಲೇರಲೇಬೇಕು. ಕ್ಯಾಟ್-3ರಲ್ಲಿ ಮಿತಿ ಇನ್ನೂ ಕಡಿಮೆ. ಆದರೆ ರನ್‌ವೇ, ವಿಮಾನ, ಪೈಲಟ್ ತರಬೇತಿ ಮೂರೂ ಅದಕ್ಕೆ ಸಜ್ಜಾಗಿರಬೇಕು.

ಎರಡು ನಿಮಿಷ ಮುಂದಿದ್ದವರಿಗೆ ಸಿಕ್ಕ ಅಂಕಿ ನಮಗೆ ಸಿಗದೇ ಹೋಗಬಹುದು. ಇಲ್ಲಿ ಪ್ಲಾಂಟಿನಲ್ಲಿ ಪರ್ಮಿಟ್ ಕೈಯಲ್ಲಿದ್ದರೂ ಗ್ಯಾಸ್ ಡಿಟೆಕ್ಟರ್ ಕೂಗಿದರೆ ಕೆಲಸ ನಿಲ್ಲಿಸುತ್ತೇವಲ್ಲ? ಇದೂ ಹಾಗೆಯೇ.

ಡಿಸೆಂಬರ್, ಜನವರಿಯಲ್ಲಿ ಊರಿಗೆ ಹೋಗುವವರು ಒಂದು ದಿನ ಮೊದಲೇ ಹೊರಡಿ. ನಾನು ಮುಹೂರ್ತಕ್ಕೆ ತಲುಪಲಿಲ್ಲ, ಮನೆಗೆ ತಲುಪಿದೆ.