ಕೆಜಿಎಫ್ ಈಗ ಜನರೇ ಇಲ್ಲದ ಊರಾ? ಚಿನ್ನದ ಬಗ್ಗೆ ಬರುವ ಐದು ಫಾರ್ವರ್ಡ್‌ಗಳ ಅಸಲಿಯತ್ತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಕೊಬ್ಬರಿ ರೇಟು, ಮಳೆ ಸುದ್ದಿ, ಗೃಹಪ್ರವೇಶದ ಆಮಂತ್ರಣಗಳ ನಡುವೆ ಆಗಾಗ ಚಿನ್ನದ ಸುದ್ದಿಯೂ ಬರುತ್ತದೆ. 2018 ಮತ್ತು 2022ರಲ್ಲಿ 'ಕೆಜಿಎಫ್' ಸಿನಿಮಾಗಳು ಬಂದ ಮೇಲಂತೂ ಕೋಲಾರದ ಗಣಿ ಊರಿನ ಬಗ್ಗೆ ಎಲ್ಲರ ಹತ್ತಿರವೂ ಒಂದೊಂದು ಕಥೆ ಇದೆ. ಕೆಲವು ನಿಜ, ಕೆಲವು ಅರ್ಧ ನಿಜ, ಇನ್ನು ಕೆಲವು ಶುದ್ಧ ಸುಳ್ಳು.

ಕೋಲಾರದ ಕಥೆ ನಮಗ್ಯಾಕೆ ಎಂದು ಕೇಳಬೇಡಿ. ನಮ್ಮ ತುಮಕೂರು ಜಿಲ್ಲೆಯ ನೆಲದಲ್ಲೂ ಚಿನ್ನದ ಅಂಶ ಇದೆ. ಹಾಗಾಗಿ ಈ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ ಎಂದು ಗೊತ್ತಿರುವುದು ನಮ್ಮ ತೋಟಕ್ಕೂ ಒಳ್ಳೆಯದು.

ಫಾರ್ವರ್ಡ್ 1: "ಗಣಿ ಮುಚ್ಚಿದ ಮೇಲೆ ಕೆಜಿಎಫ್ ಖಾಲಿಯಾಯಿತು, ಈಗ ಅದು ದೆವ್ವದ ಊರು"

ಸುಳ್ಳು.

2011ರ ಜನಗಣತಿಯಲ್ಲಿ ಕೆಜಿಎಫ್‌ನ ನಗರಸಭೆ ಪ್ರದೇಶವಾದ ರಾಬರ್ಟ್‌ಸನ್‌ಪೇಟೆಯಲ್ಲಿ ಸುಮಾರು 1.62 ಲಕ್ಷ ಜನ ಇದ್ದರು. ಅದೇ ಗಣತಿಯಲ್ಲಿ ತಿಪಟೂರು ನಗರದ ಜನಸಂಖ್ಯೆ ಸುಮಾರು 59 ಸಾವಿರ. ಅಂದರೆ 'ಖಾಲಿ ಊರು' ಎನ್ನಿಸಿಕೊಂಡ ಕೆಜಿಎಫ್‌ನಲ್ಲಿ ತಿಪಟೂರಿನ ಎರಡೂವರೆ ಪಟ್ಟಿಗಿಂತ ಹೆಚ್ಚು ಜನ!

ಆದರೆ ಈ ಸಂಖ್ಯೆಯ ಹಿಂದೆ ಇನ್ನೊಂದು ಕಥೆ ಇದೆ. 1901ರಲ್ಲಿ ಗಣಿ ಪ್ರದೇಶದಲ್ಲಿ ಇದ್ದವರು ಸುಮಾರು 38 ಸಾವಿರ. 1951ರ ಹೊತ್ತಿಗೆ ಅದು ಸುಮಾರು 1.59 ಲಕ್ಷಕ್ಕೆ ಏರಿತ್ತು. ಆಗಿನ ಮೈಸೂರು ರಾಜ್ಯದಲ್ಲಿ ಬೆಂಗಳೂರು, ಮೈಸೂರು ಬಿಟ್ಟರೆ ಮೂರನೇ ದೊಡ್ಡ ಊರು ಇದೇ. ಅಲ್ಲಿಂದ ಅರವತ್ತು ವರ್ಷಗಳಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು ಹನ್ನೊಂದು ಪಟ್ಟಾಯಿತು. ಕೆಜಿಎಫ್ ಮಾತ್ರ ನಡುವೆ ಇಳಿದು, ಮತ್ತೆ ಏರಿ, ಹೆಚ್ಚುಕಮ್ಮಿ ಅದೇ ಸಂಖ್ಯೆಗೆ ಬಂದು ನಿಂತಿದೆ. ಗಣತಿಯಿಂದ ಗಣತಿಗೆ ಊರಿನ ಗಡಿ ಬದಲಾಗುವುದರಿಂದ ಸಣ್ಣ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಒಟ್ಟು ಚಿತ್ರ ಮಾತ್ರ ಸ್ಪಷ್ಟ: ಊರು ಸತ್ತಿಲ್ಲ, ಬೆಳೆದೂ ಇಲ್ಲ.

ಗಣಿ ಮುಚ್ಚಿದರೂ ಜನ ಯಾಕೆ ಹೋಗಲಿಲ್ಲ? ಹೋಗುವುದಾದರೂ ಎಲ್ಲಿಗೆ? ಇವರ ಹಿರಿಯರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಗಣಿ ಕೂಲಿಗೆ ಬಂದವರು. ಅವರಲ್ಲಿ ಬಹಳಷ್ಟು ಮಂದಿ ಜಮೀನಿಲ್ಲದ ದಲಿತರು. ಮೂರು ನಾಲ್ಕು ತಲೆಮಾರು ಕಳೆದ ಮೇಲೆ ವಾಪಸ್ ಹೋಗಲು ಅಲ್ಲಿ ಮನೆಯೂ ಇಲ್ಲ, ಹೊಲವೂ ಇಲ್ಲ. ಸಾವಿರಾರು ಕುಟುಂಬಗಳು ಇವತ್ತಿಗೂ ಗಣಿ ಕಂಪನಿ ಕಟ್ಟಿಸಿದ ಸಣ್ಣ ಲೈನ್ ಮನೆಗಳಲ್ಲೇ ಇವೆ. ಆ ಮನೆಗಳ ಹಕ್ಕಿನ ಪ್ರಶ್ನೆ ವರ್ಷಗಳಿಂದ ಎಳೆದಾಡುತ್ತಿದೆ.

ಊರಲ್ಲಿ ಕೆಲಸ ಇಲ್ಲದೆ ಹೋದಾಗ ಜನ ಊರು ಬಿಡಲಿಲ್ಲ, ರೈಲು ಹತ್ತಿದರು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳಲ್ಲಿ ಸಾವಿರಾರು ಮಂದಿ ದಿನಾ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆಗೆ ಬರುತ್ತಾರೆ. ಒಂದು ಕಡೆಗೆ ಸುಮಾರು 100 ಕಿ.ಮೀ. ಊರಲ್ಲೇ ಉಳಿದ ದೊಡ್ಡ ಕಾರ್ಖಾನೆ ಎಂದರೆ 1964ರಲ್ಲಿ ಶುರುವಾದ ಬಿಇಎಂಎಲ್.

ಫಾರ್ವರ್ಡ್ 2: "ಏಷ್ಯಾದಲ್ಲೇ ಮೊದಲು ಕರೆಂಟು ಬಂದದ್ದು ಕೆಜಿಎಫ್‌ಗೆ"

ಸುಳ್ಳು. ಆದರೆ ನಿಜ ಸಂಗತಿಯೇ ಇದಕ್ಕಿಂತ ಸ್ವಾರಸ್ಯವಾಗಿದೆ.

ಜಪಾನಿನ ಟೋಕಿಯೊದಲ್ಲಿ 1880ರ ದಶಕದಲ್ಲೇ ವಿದ್ಯುತ್ ದೀಪ ಇತ್ತು. ನಮ್ಮ ದೇಶದ ಡಾರ್ಜಿಲಿಂಗ್‌ನಲ್ಲಿ 1897ರಲ್ಲಿ ಜಲವಿದ್ಯುತ್ ಬಂತು. ಕೆಜಿಎಫ್‌ಗೆ ಬಂದದ್ದು 1902ರಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದ ಯೋಜನೆಯಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ಕರೆಂಟು ಸುಮಾರು 147 ಕಿ.ಮೀ. ತಂತಿಯ ಮೇಲೆ ಗಣಿಗೆ ಹೋಯಿತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆ ಕಾಲಕ್ಕೆ ಜಗತ್ತೇ ಗಮನಿಸುವ ಸಾಹಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಊರಿಗೆ ಬೆಳಕು ಕೊಡುವುದಕ್ಕಿಂತ ಮೊದಲು ಗಣಿಯ ಯಂತ್ರ ಓಡಿಸುವುದೇ ಮುಖ್ಯವಾಗಿತ್ತು ಎಂಬುದನ್ನೂ ಇದರಲ್ಲೇ ಓದಿಕೊಳ್ಳಬಹುದು.

ಫಾರ್ವರ್ಡ್ 3: "ಇನ್ನೂ ಬೇಕಾದಷ್ಟು ಚಿನ್ನ ಇತ್ತು, ಷಡ್ಯಂತ್ರ ಮಾಡಿ ಮುಚ್ಚಿಸಿದರು"

ಚಿನ್ನ ಪೂರ್ತಿ ಮುಗಿದಿರಲಿಲ್ಲ ಎನ್ನುವುದು ನಿಜ. ಮುಚ್ಚಲು ಕಾರಣ ತಿಳಿಯಲು ಷಡ್ಯಂತ್ರ ಹುಡುಕಬೇಕಾಗಿಲ್ಲ, ಲೆಕ್ಕ ನೋಡಿದರೆ ಸಾಕು.

ಈ ಕಡೆ ಚಿನ್ನ ಇರುವ ವಿಷಯವನ್ನು 1802ರಲ್ಲೇ ಜಾನ್ ವಾರೆನ್ ಎಂಬ ಸೇನಾಧಿಕಾರಿ ದಾಖಲಿಸಿದ್ದರು. ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕ ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದರು. ಬೆಂಗಳೂರಿನ ಲ್ಯಾವೆಲ್ ರಸ್ತೆ ಇವರ ಹೆಸರಿನದೇ. 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ ಬಂದ ಮೇಲೆ ಗಣಿ ಕೈಹತ್ತಿತು. ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ತೆಗೆದ ಚಿನ್ನ ಹೆಚ್ಚುಕಮ್ಮಿ 800 ಟನ್.

ಮೊದಮೊದಲು ಒಂದು ಟನ್ ಕಲ್ಲಿನಿಂದ ಹತ್ತಾರು ಗ್ರಾಂ ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ ಅದು ಮೂರು ನಾಲ್ಕು ಗ್ರಾಂಗೆ ಇಳಿಯಿತು. ಅದನ್ನು ತರಲು ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ 3 ಕಿ.ಮೀ.ಗೂ ಕೆಳಗೆ ಇಳಿಯಬೇಕಿತ್ತು. ಅಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. ಗಾಳಿ ತಂಪು ಮಾಡಿ ಕಳಿಸಬೇಕು, ನೀರು ಎತ್ತಿ ಹೊರಹಾಕಬೇಕು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಜೀವ ಹೋಗುವ ಭಯ ಬೇರೆ.

ಅಟ್ಟದ ಮೇಲೆ ಕೊಬ್ಬರಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲು ಇರುವುದು ಬೇರೆ, ಗಿಟ್ಟುವುದು ಬೇರೆ. ಸುಲಿಯುವ ಕೂಲಿಗೇ ಸಾಲದಿದ್ದರೆ ಅಟ್ಟ ತುಂಬಿದ್ದೂ ಪ್ರಯೋಜನ ಇಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ಕೆಲಸ ಹೋದದ್ದು ಒಂದೇ ದಿನದಲ್ಲಲ್ಲ. ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟು ಮಂದಿ ದುಡಿಯುತ್ತಿದ್ದ ಜಾಗದಲ್ಲಿ ಕೊನೆಗೆ ಉಳಿದವರು ಕೆಲವೇ ಸಾವಿರ. ಊರಿನ ಜನಸಂಖ್ಯೆ ಐವತ್ತರ ದಶಕದಲ್ಲೇ ಏರುವುದು ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಫಾರ್ವರ್ಡ್ 4: "ಸೈನೈಡ್ ಗುಡ್ಡದ ತುಂಬಾ ಚಿನ್ನ"

ಅರ್ಧ ನಿಜ.

ಕಲ್ಲನ್ನು ಹಿಟ್ಟಿನಂತೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯನ್ನು ರಾಶಿ ಹಾಕುತ್ತಾ ಬಂದರು. ಆ ರಾಶಿಗಳೇ ಸೈನೈಡ್ ಗುಡ್ಡಗಳು. ಅವುಗಳಲ್ಲಿ ಅಳಿದುಳಿದ ಚಿನ್ನ ಇದೆ. 13 ಗುಡ್ಡಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡಗಳಲ್ಲಿರುವ ಪುಡಿ ಸುಮಾರು 3.3 ಕೋಟಿ ಟನ್. ಆದರೆ ಟನ್ನಿಗೆ ಇರುವ ಚಿನ್ನ ಒಂದು ಗ್ರಾಂಗಿಂತ ಕಡಿಮೆ. ಅಂದರೆ ಹತ್ತು ಗ್ರಾಂ ಚಿನ್ನಕ್ಕೆ ಹತ್ತು ಟನ್‌ಗಿಂತ ಹೆಚ್ಚು, ಒಂದು ಟಿಪ್ಪರ್ ತುಂಬುವಷ್ಟು ಪುಡಿ ಸಂಸ್ಕರಿಸಬೇಕು. ಚೀಲದಲ್ಲಿ ತುಂಬಿಕೊಂಡು ಬಂದು ಮನೆಯಲ್ಲಿ ಸೋಸಿದರೆ ಸಿಗುವಂಥದ್ದಲ್ಲ.

ಅಲ್ಲಿನವರಿಗೆ ಈ ಗುಡ್ಡ ಎಂದರೆ ಮೊದಲು ನೆನಪಾಗುವುದು ದೂಳು. ಜೋರು ಗಾಳಿ ಬೀಸಿದಾಗ ನುಣುಪಾದ ಪುಡಿ ಮನೆ, ಬಟ್ಟೆ, ಊಟದ ತಟ್ಟೆಯ ಮೇಲೆ ಬಂದು ಕೂರುತ್ತದೆ. ಗಣಿಯೊಳಗೆ ದುಡಿದವರಂತೂ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹೊತ್ತು ಮನೆಗೆ ಬಂದವರು. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಗಣಿ ಮುಚ್ಚಿದರೂ ಕಾಯಿಲೆ ಮುಚ್ಚುವುದಿಲ್ಲ.

ಫಾರ್ವರ್ಡ್ 5: "ನಮ್ಮ ತೆಂಗಿನ ತೋಟದ ಕೆಳಗೂ ಚಿನ್ನ, ಜಮೀನಿಗೆ ಕೋಟಿ ಕೋಟಿ"

ಇಲ್ಲಿ ನಿಧಾನವಾಗಿ ಓದಿ.

ಗದಗದಿಂದ ಚಿತ್ರದುರ್ಗ, ಹುಳಿಯಾರು, ಚಿಕ್ಕನಾಯಕನಹಳ್ಳಿ ದಾಟಿ ದಕ್ಷಿಣಕ್ಕೆ ಹಳೆಯ ಶಿಲೆಗಳ ಒಂದು ಉದ್ದನೆಯ ಪಟ್ಟಿ ಇದೆ. ಭೂವಿಜ್ಞಾನಿಗಳು ಇದನ್ನು ಚಿತ್ರದುರ್ಗ ಶಿಸ್ಟ್ ಪಟ್ಟಿ ಎನ್ನುತ್ತಾರೆ. ನಮ್ಮ ಕಡೆಯ ಕಬ್ಬಿಣ, ಮ್ಯಾಂಗನೀಸ್ ಅದಿರು ಸಿಗುವುದು ಇದರಲ್ಲೇ. ಕೆಲವು ಕಡೆ ಚಿನ್ನವೂ ಇದೆ. ತುಮಕೂರು ಜಿಲ್ಲೆಯ ಬೆಳ್ಳಾರದಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಇದೇ ಜಿಲ್ಲೆಯ ಅಜ್ಜನಹಳ್ಳಿಯಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಅದಿರು ತೆಗೆದಿದೆ. ಇಷ್ಟು ನಿಜ.

ಇದರಿಂದ ಪ್ರತಿ ತೋಟದ ಕೆಳಗೂ ಚಿನ್ನ ಇದೆ ಎಂದಾಗುವುದಿಲ್ಲ. ಇದ್ದರೂ ಅದು ತೋಟದ ಯಜಮಾನರದ್ದಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಪ್ರಕಾರ ನೆಲದೊಳಗಿನ ಖನಿಜದ ಹಕ್ಕು ಸರ್ಕಾರದ್ದು. ಪಹಣಿಯಲ್ಲಿ ನಿಮ್ಮ ಹೆಸರಿದ್ದರೂ ಚಿನ್ನದ ಮೇಲೆ ನಿಮ್ಮ ಹೆಸರಿರುವುದಿಲ್ಲ. ಜಮೀನು ಬಳಸಿದ್ದಕ್ಕೆ ಪರಿಹಾರ ಸಿಗುತ್ತದೆ, ಚಿನ್ನದ ಬೆಲೆಯಲ್ಲ. 2015ರ ತಿದ್ದುಪಡಿಯ ನಂತರ ಇಂಥ ಗಣಿ ಗುತ್ತಿಗೆ ಕೊಡುವುದು ಹರಾಜಿನಲ್ಲಿ. ಹಾಗಾಗಿ "ನಿಮ್ಮ ಸರ್ವೆ ನಂಬರಿನಲ್ಲಿ ಚಿನ್ನ ಬಂದಿದೆ, ಅಡ್ವಾನ್ಸ್ ತಗೊಳ್ಳಿ" ಅಥವಾ "ಪರೀಕ್ಷೆಗೆ ಇಷ್ಟು ದುಡ್ಡು ಕಟ್ಟಿ" ಎಂದು ಯಾರಾದರೂ ಬಂದರೆ ಸಹಿ ಹಾಕಬೇಡಿ, ದುಡ್ಡೂ ಕೊಡಬೇಡಿ. ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಫಾರ್ವರ್ಡ್ ಮಾಡುವ ಮುಂಚೆ

ಚಿನ್ನದ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ. ಟನ್ನಿಗೆ ಎಷ್ಟು ಗ್ರಾಂ? ಎಷ್ಟು ಆಳದಲ್ಲಿ? ಹೇಳುತ್ತಿರುವವರು ಯಾರು? ಮೂರಕ್ಕೂ ಉತ್ತರ ಇಲ್ಲದ ಸಂದೇಶವನ್ನು ಮುಂದೆ ಕಳಿಸಬೇಡಿ.

ಕೆಜಿಎಫ್ ಬಗ್ಗೆ ಏನಾದರೂ ಕಳಿಸಲೇಬೇಕು ಎಂದಿದ್ದರೆ ಇದನ್ನು ಕಳಿಸಿ: ಚಿನ್ನ ಊರು ಬಿಟ್ಟು ಹೋಯಿತು, ಜನ ಬಿಡಲಿಲ್ಲ. ಅದನ್ನು ದೆವ್ವದ ಊರು ಎಂದು ಕರೆಯುವ ಪ್ರತಿ ಸಂದೇಶವೂ ಬೆಳಗಿನ ರೈಲು ಹತ್ತುವ ಆ ಜನರನ್ನು ಲೆಕ್ಕದಿಂದ ಬಿಟ್ಟಂತೆ.