ಗಣಕಯಂತ್ರದಲ್ಲಿ ಕಾಣೆಯಾದ ವಿಭಾಗ

ಶಿಕಾರಿಪುರ ಸೀಮೆಯ ಬಳ್ಳಿಗಾವೆ, ತಾಳಗುಂದ, ಸೊರಬ ಸೀಮೆಯ ಕುಬಟೂರು, ಉದ್ರಿ ಮೊದಲಾದ ಊರುಗಳ ಶಾಸನಗಳನ್ನೂ ವೀರಗಲ್ಲುಗಳನ್ನೂ ವಿದ್ಯಾರ್ಥಿಗಳು ಛಾಯಾಚಿತ್ರಗಳಲ್ಲಿ ಹಿಡಿದು ತಂದು, ಪ್ರಯೋಗಾಲಯದ ಒಂದು ಗಣಕಯಂತ್ರದಲ್ಲಿ ಸಂಗ್ರಹಿಸಿದ್ದರು. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಪಾಠಗಳನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದರೆಂಬುದು ನಿಜ, ಆದರೆ ಆ ಕಲ್ಲುಗಳ ಇಂದಿನ ಸ್ಥಿತಿಗೆ ನಮ್ಮಲ್ಲಿದ್ದ ಸಾಕ್ಷಿ ಈ ಚಿತ್ರಗಳೇ. ಒಂದು ಬೆಳಿಗ್ಗೆ ಅವುಗಳಿದ್ದ ವಿಭಾಗವೇ ಕಾಣಲಿಲ್ಲ. ಬೇರೆ ಪ್ರತಿಯೂ ಇರಲಿಲ್ಲ. ‘ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂಬ ಪ್ರಶ್ನೆ ಮಾತ್ರ ಪರದೆಯ ಮೇಲೆ ನಿಂತಿತ್ತು. ‘ಆಗಲಿ’ ಎಂದು ಯಾರೂ ಒತ್ತದೆ ಇದ್ದುದು ನಮ್ಮ ಪುಣ್ಯ.

ಆ ಯಂತ್ರದಲ್ಲಿ ವಿಂಡೋಸ್, ಉಬುಂಟು ಎಂಬ ಎರಡು ಕಾರ್ಯವ್ಯವಸ್ಥೆಗಳಿವೆ. ಒಂದೇ ಹೊಲವನ್ನು ಬದು ಹಾಕಿ ಹಂಚಿಕೊಂಡಂತೆ ಒಂದೇ ಡಿಸ್ಕನ್ನು ಅವು ಹಂಚಿಕೊಂಡಿರುತ್ತವೆ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ತಿಳಿಸುವ ಪಟ್ಟಿಯೊಂದು ಡಿಸ್ಕಿನ ಆರಂಭದಲ್ಲಿರುತ್ತದೆ. ಹಳೆಯ ಪದ್ಧತಿಯಲ್ಲಿ ಈ ಪಟ್ಟಿಗೆ ದೊರೆತ ಸ್ಥಳ ಕೇವಲ 64 ಬೈಟು, ನಾಲ್ಕೇ ನಮೂದು. ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ಪಹಣಿ ಹರಿದುಹೋದ ಮಾತ್ರಕ್ಕೆ ಗದ್ದೆ ಮಾಯವಾಗುವುದಿಲ್ಲವಷ್ಟೆ? ಇಲ್ಲಿಯೂ ಹಾಗೆಯೇ.

ನಮ್ಮ ಪ್ರಸಂಗದಲ್ಲಿ ಪಹಣಿಯೂ ಹರಿದಿರಲಿಲ್ಲ. ಚಿತ್ರಗಳಿದ್ದ ವಿಭಾಗವು ಉಬುಂಟುವಿನ ಇಎಕ್ಸ್‌ಟಿ4 ಮಾದರಿಯದು. ವಿಂಡೋಸಿಗೆ ಆ ಲಿಪಿ ಬಾರದು. ತಾನು ಓದಲಾರದ ವಿಭಾಗಕ್ಕೆ ಅದು ಕೆಲವೊಮ್ಮೆ ಅಕ್ಷರವನ್ನೇ ಕೊಡುವುದಿಲ್ಲ, ಕೆಲವೊಮ್ಮೆ ಅಕ್ಷರವನ್ನು ಕೊಟ್ಟು ಫಾರ್ಮ್ಯಾಟ್ ಮಾಡಲು ಅಪ್ಪಣೆ ಬೇಡುತ್ತದೆ. ಹಿಂದಿನ ದಿನ ನಡೆದ ಪರಿಷ್ಕರಣೆಯಲ್ಲಿ ವಿಂಡೋಸು ತನ್ನನ್ನು ಆರಂಭದ ಸರದಿಯಲ್ಲಿ ಮೊದಲಿಗೆ ಇರಿಸಿಕೊಂಡುದರಿಂದ ಉಬುಂಟುವಿನ ಆಯ್ಕೆಯ ಪಟ್ಟಿಯೇ ಬಾರದಾಗಿತ್ತು. ಯಂತ್ರ ಆರಂಭವಾಗುವಾಗ ಬೂಟ್ ಮೆನುವಿನ ಕೀಲಿಯನ್ನು ಒತ್ತಿ (ಇದು ಯಂತ್ರದಿಂದ ಯಂತ್ರಕ್ಕೆ ಬೇರೆ) ಉಬುಂಟುವನ್ನು ಆರಿಸಿದೊಡನೆ ಚಿತ್ರಗಳೆಲ್ಲ ಇದ್ದಂತೆಯೇ ಕಂಡವು.

ಇದಕ್ಕೆ ವಿಲೋಮವೂ ಉಂಟು. ವಿಂಡೋಸನ್ನು ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯದೊಡನೆ ನಿಲ್ಲಿಸಿದರೆ ಅದು ಪೂರ್ಣವಾಗಿ ಮುಚ್ಚಿಕೊಳ್ಳದು; ಆಗ ಉಬುಂಟು ವಿಂಡೋಸಿನ ವಿಭಾಗವನ್ನು ತೆರೆಯಲು ನಿರಾಕರಿಸಬಹುದು, ಇಲ್ಲವೆ ಓದುವುದಕ್ಕಷ್ಟೇ ತೆರೆಯಬಹುದು. ಆ ಸೌಲಭ್ಯವನ್ನು ತೆಗೆದು, ವಿಂಡೋಸನ್ನು ಮತ್ತೊಮ್ಮೆ ಸರಿಯಾಗಿ ನಿಲ್ಲಿಸಿದರೆ ಸಾಕು.

ಪಟ್ಟಿಯೇ ಕೆಟ್ಟಿದ್ದ ಪಕ್ಷದಲ್ಲಿ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು. ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡು, ಆ ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವನ್ನು ನಡೆಸಬೇಕು. ಅದು ಹಳೆಯ ಬದುಗಳ ಗುರುತನ್ನು ಹುಡುಕಿ ಪಟ್ಟಿಯನ್ನು ಮರಳಿ ಕಟ್ಟುತ್ತದೆ. ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಈ ಸಾಹಸವೂ ಬೇಡ, ಯಂತ್ರವನ್ನು ಆರಿಸಿ ತಜ್ಞರಲ್ಲಿಗೆ ಒಯ್ಯುವುದೇ ಲೇಸು. ಗದ್ದೆ ಎಲ್ಲಿಗೂ ಹೋಗದು ಎಂಬ ಧೈರ್ಯ ಎಸ್‌ಎಸ್‌ಡಿಯ ವಿಷಯದಲ್ಲಿ ಅಷ್ಟಾಗಿ ಸಲ್ಲದು. ಅಲ್ಲಿ ಒಮ್ಮೆ ಫಾರ್ಮ್ಯಾಟ್ ಮಾಡಿದರೆ ಖಾಲಿಯೆಂದು ಘೋಷಿತವಾದ ಸ್ಥಳವನ್ನು ಡಿಸ್ಕು ತಾನಾಗಿಯೇ ಅಳಿಸಿಬಿಡುತ್ತದೆ, ಬಳಿಕ ಯಾವ ತಂತ್ರಾಂಶಕ್ಕೂ ಏನೂ ಸಿಗದು.

ಚಿತ್ರಗಳನ್ನು ಅಂದೇ ಎರಡು ಹೊರಡಿಸ್ಕುಗಳಿಗೆ ನಕಲಿಸಿ, ಒಂದನ್ನು ಗ್ರಂಥಾಲಯದ ಬೀರುವಿನಲ್ಲಿ ಇರಿಸಲಾಗಿದೆ.