ಎಂಟು ಕಾಲು, ನಾಲ್ಕು ಗೆರೆ

ಮಳೆಗಾಲ ಹಿಂದೆ ಸರಿದು ದಾಸವಾಳ, ಕ್ರೋಟನ್ ಗಿಡಗಳು ಮೈತುಂಬಿಕೊಂಡಿರುವಾಗ ಕೈತೋಟದಲ್ಲಿ ಸಿಗ್ನೇಚರ್ ಜೇಡವನ್ನು ಹುಡುಕಿ. 1887ರಲ್ಲಿ ಸ್ವೀಡನ್ನಿನ ವಿಜ್ಞಾನಿ ಥೊರೆಲ್ ಇದಕ್ಕೆ ಆರ್ಜಿಯೋಪೆ ಅನಸೂಜಾ ಎಂಬ ಹೆಸರಿಟ್ಟರು. ಹಳದಿ, ಕಂದು ಪಟ್ಟೆಗಳ ಹೆಣ್ಣು ಬಲೆಯ ನಡುವೆ ತಲೆಕೆಳಗಾಗಿ ಕೂತು, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಚಾಚಿರುತ್ತದೆ. ದೂರದಿಂದ ಕಾಣುವುದು ನಾಲ್ಕೇ ಗೆರೆ. ಆ ಗೆರೆಗಳ ಸಾಲಿನಲ್ಲೇ ಬಿಳಿ ರೇಷ್ಮೆಯ ಅಂಕುಡೊಂಕು ಪಟ್ಟಿ ನೇಯ್ದಿರುತ್ತದೆ. ಬಲೆಗೆ ಗಟ್ಟಿತನ ಕೊಡಲು ಎಂದು ಮೊದಲು ನಂಬಿದ್ದರು. ಅತಿನೇರಳೆ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಸೆಳೆಯಲು ಎಂದು ಕೆಲವರು, ಹಕ್ಕಿಗಳು ಬಲೆಗೆ ನುಗ್ಗದಿರಲೆಂದು ಮತ್ತೆ ಕೆಲವರು ಇಂದಿಗೂ ವಾದಿಸುತ್ತಾರೆ.

ಈ ಜೇಡದ ದೃಷ್ಟಿ ಮಂದ. ಅದು ಲೋಕವನ್ನು ಅರಿಯುವುದು ಎಳೆಗಳ ಕಂಪನದಿಂದ. ಕ್ಯಾಮೆರಾ ಹಿಡಿದು ಹತ್ತಿರ ಹೋಗುವವರ ಮೊಣಕೈ ಒಂದು ಎಲೆಗೆ ತಾಗಿದರೂ ಸಾಕು, ಬಲೆಯನ್ನೇ ಜೋರಾಗಿ ಅಲುಗಿಸುತ್ತದೆ, ಇಲ್ಲವೇ ದೊಪ್ಪನೆ ನೆಲಕ್ಕೆ ಬೀಳುತ್ತದೆ. ಮ್ಯಾಕ್ರೋ ಲೆನ್ಸಿನಲ್ಲಿ ಅದರ ನಿಜ ಗಾತ್ರದಲ್ಲೇ ಸೆರೆಹಿಡಿಯುವಾಗ, ಅಪರ್ಚರ್ 11ಕ್ಕೆ ಇಳಿಸಿದರೂ ಸ್ಪಷ್ಟವಾಗಿ ಮೂಡುವ ಆಳ ಒಂದೆರಡು ಮಿಲಿಮೀಟರ್ ಅಷ್ಟೇ. ಆದ್ದರಿಂದ ಕ್ಯಾಮೆರಾ ಬಲೆಗೆ ಸಮಾನಾಂತರವಾಗಿರಬೇಕು; ಸ್ವಲ್ಪ ಓರೆಯಾದರೂ ಅರ್ಧ ಕಾಲುಗಳು ಮಸುಕು. ಫ್ಲ್ಯಾಶ್‌ನ ಮುಂದೆ ತೆಳು ಬಿಳಿ ಹಾಳೆ ಅಡ್ಡ ಹಿಡಿದರೆ ಹೊಳೆವ ಬೆನ್ನಿನ ಬಣ್ಣ ಉಳಿಯುತ್ತದೆ.

ಆದರೆ ಮೊದಲು ಕ್ಯಾಮೆರಾ ಕೆಳಗಿಟ್ಟು ನೋಡಬೇಕು. ಮಿಡತೆಯೊಂದು ಬಲೆಗೆ ಬಿತ್ತೆನ್ನಿ. ಜೇಡ ಸಾಮಾನ್ಯವಾಗಿ ಮೊದಲು ಕಚ್ಚುವುದಿಲ್ಲ. ಹಿಂಗಾಲುಗಳಿಂದ ಅಗಲವಾದ ರೇಷ್ಮೆ ಪಟ್ಟಿ ಎಳೆದೆಳೆದು ಅದನ್ನು ಸುತ್ತಿ ಕಟ್ಟಿ, ಆಮೇಲೆ ವಿಷ ಚುಚ್ಚುತ್ತದೆ. ಈ ಕ್ರಮ ಗೊತ್ತಿದ್ದವರ ಬೆರಳು ಸರಿಯಾದ ಕ್ಷಣಕ್ಕೆ ಶಟರ್ ಮೇಲಿರುತ್ತದೆ. ಬಲೆಯಂಚಿನಲ್ಲಿ ಬೇರೊಂದು ಜಾತಿಯಂತೆ ಕಾಣುವ ಪುಟ್ಟ ಜೇಡವಿದ್ದರೆ ಅದು ಬಹುಶಃ ಗಂಡು. ಎಳೆ ಮೀಟಿ ತಾನು ಬಂದ ಸುದ್ದಿ ಮುಟ್ಟಿಸುತ್ತದೆ. ಕೂಡಿದ ಮೇಲೆ ಎಷ್ಟೋ ಗಂಡುಗಳು ಹೆಣ್ಣಿಗೇ ಆಹಾರ.

ಚಿತ್ರ ಚೆಂದ ಬರಲೆಂದು ಬಲೆಗೆ ನೀರು ಚಿಮುಕಿಸುವವರನ್ನು, ಜೇಡವನ್ನು ಹಿಡಿದು ಹೂವಿನ ಮೇಲೆ ಕೂರಿಸುವವರನ್ನು ನಾನು ಒಪ್ಪಲಾರೆ. ಹಾಗೆ ತೆಗೆದ ಚಿತ್ರ ಆ ಜೀವಿಯ ಬದುಕಿನ ಬಗ್ಗೆ ಸುಳ್ಳು ಹೇಳುತ್ತದೆ.

ಬಲೆ ಕಟ್ಟದೆ ಗೋಡೆ, ಎಲೆಗಳ ಮೇಲೆ ಬೇಟೆಯಾಡುವ ಜಿಗಿಯುವ ಜೇಡದ ರೀತಿಯೇ ಬೇರೆ. ಅದು ನಮ್ಮತ್ತ ತಿರುಗಿ ನೋಡುತ್ತದೆ. ಮುಂದಿನ ಎರಡು ದೊಡ್ಡ ಕಣ್ಣುಗಳ ಮಸೂರ ಅಲುಗದು. ಒಳಗಿನ ಅಕ್ಷಿಪಟಲ ಮಾತ್ರ ಅತ್ತಿತ್ತ ಸರಿಯುತ್ತದೆ. ಅದಕ್ಕೇ ಒಂದು ಚಿತ್ರದಲ್ಲಿ ಕಪ್ಪಾಗಿದ್ದ ಕಣ್ಣು ಮರುಚಿತ್ರದಲ್ಲಿ ತಿಳಿಬಣ್ಣಕ್ಕೆ ತಿರುಗಿರಬಹುದು. ಹಾಗಾಗಿ ಸಾಲಾಗಿ ತೆಗೆದ ಚಿತ್ರಗಳಲ್ಲಿ ಚೆಂದದ್ದೊಂದನ್ನೇ ಉಳಿಸಿಕೊಂಡು ಮಿಕ್ಕವನ್ನು ಅಳಿಸಬೇಡಿ.